ಸಲೀನಾ ಸಾಕ್ಷಿ ಹೇಳಿದ ದಿನ

ಸಲೀನಾ ಡಕ್‌ವರ್ತ್ ಜೊತೆ ನಾನು ಇಂಗ್ಲೆಂಡಿನ ಬರ್ನ್ಲಿಯ ಒಂದೇ ಬಟ್ಟೆ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗ ನಡೆಸಿದವಳು. ಅಲ್ಲಿನ ಗದ್ದಲದಲ್ಲಿ ಪಕ್ಕದವಳು ಕಿರುಚಿಕೊಂಡರೂ ಕೇಳುವುದಿಲ್ಲ. ಹಾಗಾಗಿ ನೇಯುವ ಹೆಂಗಸರಾದ ನಾವು ದನಿ ತೆಗೆಯದೆ ತುಟಿಯಲ್ಲೇ ಮಾತಾಡುತ್ತೇವೆ. ಈ ಚಾಳಿ ಮನೆಯವರೆಗೂ ಬರುತ್ತದೆ. ಬಸಿರು, ಬಾಣಂತನ, ಯಾರ ಗಂಡ ಎಲ್ಲಿ ಕುಡಿದು ಬಿದ್ದಿದ್ದ, ನಾಲ್ಕು ಜನರ ಕಿವಿಗೆ ಬೀಳಬಾರದ್ದೆಲ್ಲ ಬೀದಿಯ ಆಚೆಬದಿಗೂ ತುಟಿಯಲ್ಲೇ ದಾಟುತ್ತದೆ. ಸಲೀನಾ ಇದರಲ್ಲಿ ಎತ್ತಿದ ಕೈ. ಅವಳ ಚಾಡಿ ನೋಡಿ ನಕ್ಕು ನಾನು ಎಷ್ಟೋ ಸಲ ಮಗ್ಗದ ಮೇಲಿನ ಬಟ್ಟೆ ಕೆಡಿಸಿದ್ದೇನೆ.

ಅವಳ ತಮ್ಮ ಈನಕ್ ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಒಂದೇ ಮನೆಯಲ್ಲಿದ್ದರು. ಅವರ ತಾಯಿ ತೀರಿಕೊಂಡದ್ದು ಹುಚ್ಚಾಸ್ಪತ್ರೆಯಲ್ಲಿ. ಸಲೀನಾ ಮಾತ್ರ, ಅಮ್ಮ ಎದೆಬೇನೆಗೆ ಸಮುದ್ರದ ಗಾಳಿ ಕುಡಿಯಲು ಸೌತ್‌ಪೋರ್ಟಿಗೆ ಹೋದಳು ಎಂದು ಹೇಳಿಕೊಂಡು ಬಂದಳು. ನಾವೂ ನಂಬಿದವರಂತೆ ತಲೆಯಾಡಿಸಿದೆವು. ಪ್ರಾರ್ಥನೆಗೆ ಮುಂದಿನ ಸಾಲಿನಲ್ಲಿ ಕೂರುವ ಮನೆತನ ಅದು.

ಈನಕನಿಗೂ ಅದೇ ಕಾಯಿಲೆ ಶುರುವಾದಾಗ ಸಲೀನಾ ಡಾಕ್ಟರನ್ನು ಕರೆಯಲಿಲ್ಲ. ಎದುರುಮನೆಯ ವಿಧವೆ ತಬಿತಾ ಒಬ್ಬಳಿಗೆ, ಅದೂ ತುಟಿಯಲ್ಲಿ, ಅವನೆದುರೇ ಹೇಳುತ್ತಿದ್ದಳು: ಇವತ್ತು ಅವನಿಗೆ ಸರಿಯಿಲ್ಲ, ಚಾಕು ಬಚ್ಚಿಟ್ಟಿದ್ದೇನೆ. ತಬಿತಾ ಅಯ್ಯೋ ಪಾಪ ಎನ್ನುತ್ತಿದ್ದಳು. ಅವನ ಮನಸ್ಸು ನೋಯಬಾರದೆಂದೇ ಇದೆಲ್ಲ. ಗಿರಣಿಯೊಳಗೆ ಕಾಲಿಡದ ಈನಕನಿಗೆ ತುಟಿ ಓದಲು ಬರುತ್ತಿರಲಿಲ್ಲ. ಇವರು ಏನು ಮಾತಾಡುತ್ತಾರೆ ಎಂಬುದನ್ನು ಅವನ ಕಾಯಿಲೆಯೇ ಹೇಳಿಕೊಟ್ಟಿತು. ತನ್ನನ್ನು ಕೊಲ್ಲಲು ಹೆಂಗಸರು ಸಂಚು ಹೂಡಿದ್ದಾರೆ ಎಂದುಕೊಂಡ. ಒಂದು ಸೋಮವಾರ ಬಟ್ಟೆ ಹರವುತ್ತಿದ್ದ ತಬಿತಾಳನ್ನು ಗಣಿಯ ಸುತ್ತಿಗೆಯಿಂದ ಹೊಡೆದು ಕೊಂದ. ಅಲ್ಲಿಂದ ನೆಟ್ಟಗೆ ಪೊಲೀಸ್ ಠಾಣೆಗೆ ನಡೆದು, ಅವಳನ್ನು ಕೊಂದೆ ಎಂದ. ಆಮೇಲೆ ಬಾಯಿಗೆ ಬೀಗ.

ಹಾಗೆ ತಾನಾಗಿ ಹೋದದ್ದೇ ಅವನ ಕುತ್ತಿಗೆಗೆ ಬಂತು. ವಕೀಲ ಸಲೀನಾಳಿಗೆ ಬಿಡಿಸಿ ಹೇಳಿದ. ಹುಚ್ಚಿದ್ದರೆ ಸಾಲದು, ತಾನೇನು ಮಾಡುತ್ತಿದ್ದೇನೆ ಎಂದಾಗಲಿ, ಅದು ತಪ್ಪು ಎಂದಾಗಲಿ ತಿಳಿಯದಷ್ಟು ಬುದ್ಧಿ ಕೆಟ್ಟಿತ್ತೆಂದು ತೋರಿಸಬೇಕು. ತಪ್ಪೆಂದು ತಿಳಿಯದವನು ಠಾಣೆಗೇಕೆ ಹೋದ ಎಂದು ಸರ್ಕಾರದ ಕಡೆಯವರು ಕೇಳುತ್ತಾರೆ. ಉತ್ತರವಿಲ್ಲದಿದ್ದರೆ ನೇಣು. ಆ ಉತ್ತರ ಬಲ್ಲವಳು ಸಲೀನಾ ಒಬ್ಬಳೇ.

ಲ್ಯಾಂಕಾಸ್ಟರ್ ಕೋರ್ಟಿನಲ್ಲಿ ಬೀದಿಯ ಹೆಂಗಸರೆಲ್ಲ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆವು. ತೀರ್ಪು ಹೇಳಬೇಕಾದ ಹನ್ನೆರಡು ಗಂಡಸರು ಅತ್ತ ಕಡೆಯ, ಗಿರಣಿ ಕಂಡಿರದ ರೈತರು, ಅಂಗಡಿಯವರು. ಕಟಕಟೆಯಲ್ಲಿ ಈನಕ್. ವಕೀಲ ಕೇಳಿದ್ದಕ್ಕೆ ಸಲೀನಾ ಎಲ್ಲ ಹೇಳಿದಳು, ಅಮ್ಮನ ಆಸ್ಪತ್ರೆಯಿಂದ ಹಿಡಿದು. ನನ್ನ ಪಕ್ಕದವಳು ಕಣ್ಣೊರೆಸಿಕೊಂಡಳು. ಆ ಗಂಡಸರು ಮಾತ್ರ ಮುಖ ಮುಖ ನೋಡಿಕೊಂಡರು, ಏಕೆಂದರೆ ಅವಳ ಗಂಟಲಿಂದ ದನಿಯೇ ಹೊರಟಿರಲಿಲ್ಲ.

ಜೋರಾಗಿ ಹೇಳಮ್ಮ ಎಂದರು ಜಡ್ಜ್. ಮತ್ತೆ ಬರೀ ತುಟಿ. ನನಗೆ ಸಿಟ್ಟು ನೆತ್ತಿಗೇರಿತು. ಇವಳ ಮಾನಮರ್ಯಾದೆಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಅವಳು ನನ್ನತ್ತ ನೋಡಿದಾಗ ನಾನೂ ತುಟಿಯಲ್ಲೇ ಹೇಳಿದೆ: "ಕೂಗೇ ಮಾರಾಯ್ತಿ. ಇಲ್ದಿದ್ರೆ ಅವನ ಕುತ್ತಿಗೆಗೆ ಹಗ್ಗ ಹಾಕಿದೋಳು ನೀನೇ ಆಗ್ತೀಯ."

ಆಗ ಅವಳಿಗೆ ದನಿ ಬಂತು.

"ನನ್ನ ತಮ್ಮನಿಗೆ ಹುಚ್ಚು, ಸ್ವಾಮಿ. ನಮ್ಮಮ್ಮನಿಗೂ ಇತ್ತು. ನಾವು ತುಟಿ ಆಡ್ಸಿದ್ದೆಲ್ಲ ತನ್ನನ್ನ ಕೊಲ್ಲೋ ಮಾತು ಅಂದ್ಕೊಂಡಿದ್ದ. ಠಾಣೆಗೆ ಹೋಗಿದ್ದು ತಪ್ಪೊಪ್ಕೊಳ್ಳೋಕಲ್ಲ. ತಬಿತಾ ಕೈಯಿಂದ ತಪ್ಪಿಸ್ಕೊಂಡ್ರೂ ಉಳಿದೋರು ಬಿಡಲ್ಲ, ಪೊಲೀಸರೇ ನನ್ನನ್ನ ಕಾಯ್ಬೇಕು ಅಂತ ಹಿಂದಿನ ದಿನಾನೇ ನಂಗೆ ಹೇಳಿದ್ದ. ನಾನೇ ಯಾರಿಗೂ ಹೇಳ್ದೆ ಮುಚ್ಚಿಟ್ಟೆ."

ಈನಕ್ ತಲೆಯೆತ್ತಿ ಅವಳನ್ನು ನೋಡಿದ. ಅಕ್ಕನ ಬಾಯಲ್ಲಿ ಹುಚ್ಚು ಎಂಬ ಪದ ಅವನು ಕೇಳಿದ್ದು ಅದೇ ಮೊದಲು. ಕೊನೆಗೆ ಆ ಹನ್ನೆರಡು ಜನ, ಕೊಂದದ್ದು ನಿಜ, ಆದರೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದರು. ನೇಣು ತಪ್ಪಿತು. ಬಿಡುಗಡೆಗೆ ದೊರೆಯ ಅಪ್ಪಣೆಯಾಗುವ ತನಕ, ಅಂದರೆ ಹೆಚ್ಚುಕಮ್ಮಿ ಸಾಯುವ ತನಕ, ದಕ್ಷಿಣದ ಹುಚ್ಚಾಸ್ಪತ್ರೆ. ಸಲೀನಾ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಸಮಾಧಾನದಿಂದ ಅತ್ತಳು.

ಬೇಸಿಗೆ ರಜೆಗೆ ಗಿರಣಿ ಮುಚ್ಚಿ ಊರಿಗೆ ಊರೇ ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಹೊರಟಾಗ ಅವಳು ಶುಂಠಿ ಕೇಕು ಕಟ್ಟಿಕೊಂಡು ದಕ್ಷಿಣದ ರೈಲು ಹತ್ತಿದಳು. ಜೊತೆಗೆ ನಾನೂ ಹೋದೆ. ಈನಕನನ್ನು ಕರೆತರಲು ಒಳಗೆ ಹೋದ ಆಸ್ಪತ್ರೆಯ ಕಾವಲುಗಾರ ಒಬ್ಬನೇ ವಾಪಸ್ ಬಂದ. ಏನಂದ ಎಂದು ಸಲೀನಾ ಬಿಡದೆ ಕೇಳಿದಳು. ಆತ ನೆಲ ನೋಡಿಕೊಂಡು ಹೇಳಿದ: "'ಯಾರೋ ಹುಚ್ಚನ ಅಕ್ಕ ಬಂದಿದ್ದಾಳಂತೆ, ಅವನ ಹತ್ರ ಕಳ್ಸಿ. ನಂಗೆ ಹುಚ್ಚಿಲ್ಲ' ಅಂದ ಕಣಮ್ಮ."

ಸಲೀನಾ ಕೇಕು ಅಲ್ಲೇ ಬೆಂಚಿನ ಮೇಲಿಟ್ಟು ಎದ್ದಳು. ಮರುವರ್ಷವೂ ಹೋದಳು, ಅದರ ಮರುವರ್ಷವೂ. ಈನಕ್ ಒಮ್ಮೆಯೂ ಹೊರಗೆ ಬರಲಿಲ್ಲ. ತಮ್ಮ ಇನ್ನೂ ಬದುಕಿದ್ದಾನೆಂದು ಆ ಕಾವಲುಗಾರನ ಬಾಯಿಂದ ಕೇಳಿಕೊಂಡು ಅವಳು ಮನೆಗೆ ಬರುತ್ತಿದ್ದಳು.