ಮೊದಲ ಕತ್ತರಿಯ ದಿನ

ಯಾರಾದರೂ ಇಂಥ ಅನುಭವ ಹೇಳತೊಡಗಿದರೆ ನಾನು ಮುಸಿಮುಸಿ ನಗುತ್ತಿದ್ದೆ. ರಾತ್ರಿ ಊಟ ಜಾಸ್ತಿ ಆಗಿರಬೇಕು ಎಂದು ಮುಖಕ್ಕೇ ಹೇಳಿದ್ದೂ ಉಂಟು. ಹಾಗಾಗಿ ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದು ಶರ್ಟ್ ಹೊಲಿಯುವ ಕಾರ್ಖಾನೆ. ನಾನು ಬಟ್ಟೆ ಕತ್ತರಿಸುವವ. ಕೆಲಸ ಕಲಿಸಿದ್ದು ಮಲ್ಲಣ್ಣ. ನನ್ನಂತೆಯೇ ವಿಜಯಪುರ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಖಂಡೇನವಮಿಗೆ ಕತ್ತರಿ, ಮಶೀನುಗಳಿಗೆ ಪೂಜೆ ಮಾಡಿ ದಸರೆಗೆ ರಜೆ ಕೊಡುತ್ತಾರೆ. ಮರುದಿನ ಎಲ್ಲರೆದುರು ಕತ್ತರಿಸುವವರ ಮುಖ್ಯಸ್ಥನಾದ ಮಾಸ್ಟರ್ ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕಬೇಕು. ಎಷ್ಟೋ ವರ್ಷ ಅದು ಮಲ್ಲಣ್ಣನವರದೇ ಆಗಿತ್ತು. ಇದು ನಡೆದ ವರ್ಷ ಕಾರ್ಖಾನೆಯ ಮಾಲೀಕ ಸೇಠ್ ನನ್ನನ್ನು ಮಾಸ್ಟರ್ ಮಾಡಿ, ಮೊದಲ ಕತ್ತರಿಯೂ ನನ್ನದೇ ಎಂದುಬಿಟ್ಟರು.

ಅಂದಿನಿಂದ ಮಲ್ಲಣ್ಣ ಮಾತು ಬಿಟ್ಟರು. ನನ್ನ ಟೇಪು ಕಾಣೆಯಾಗುತ್ತಿತ್ತು. ಗುರುತು ಹಾಕಿಟ್ಟ ಬಟ್ಟೆಯ ಮೇಲೆ ಚಹಾ ಚೆಲ್ಲಿರುತ್ತಿತ್ತು. ಸೇಠ್ ಹತ್ತಿರ ದಿನಾ ನನ್ನ ಮೇಲೆ ಚಾಡಿ. ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಕತ್ತರಿ ಹಿಡಿಯಲು ಕಲಿಸಿದ ಕೈ ಅದು. ಮೇಲಾಗಿ, ಮೊದಲ ಕತ್ತರಿ ತಪ್ಪುವುದು ದೊಡ್ಡ ಅಪಶಕುನ ಎಂದು ಸೇಠ್ ನಂಬಿದ್ದರು. ನಾನು ಸೇರುವ ಮೊದಲು ಹಾಗೆ ತಪ್ಪಿದ ಒಬ್ಬರನ್ನು ಅದೇ ದಿನ ಕೆಲಸದಿಂದ ತೆಗೆದಿದ್ದರಂತೆ.

ಮೊದಲ ಕತ್ತರಿಯ ದಿನ, ರಾತ್ರಿಯೆಲ್ಲ ನಿದ್ದೆ ಬಾರದೆ, ಬೆಳಿಗ್ಗೆ ಎಂಟಕ್ಕೇ ಹೋಗಿ ನಾನೇ ಬೀಗ ತೆಗೆದೆ. ಯಾರೂ ಬಂದು ಕಾಟ ಕೊಡದಿರಲಿ ಎಂದು ಶಟರನ್ನು ಮತ್ತೆ ಪೂರ್ತಿ ಕೆಳಗೆಳೆದೆ. ಬಟ್ಟೆ ಹಾಸಿ, ರಟ್ಟಿನಲ್ಲಿ ಕತ್ತರಿಸಿಟ್ಟ ಅಳತೆಯ ಪ್ಯಾಟರ್ನ್‌ಗಳನ್ನು ಅದರ ಮೇಲೆ ಜೋಡಿಸತೊಡಗಿದೆ.

"ತಮ್ಮಾ, ಕತ್ತರಿ ಹಚ್ಚೂಕಿಂತ ಮೊದ್ಲ ತೋಳಿನ ಪ್ಯಾಟರ್ನ್ ಅಳದು ನೋಡು."

ಮಲ್ಲಣ್ಣ ಕನ್ನಡಕ ಹಣೆಗೇರಿಸಿಕೊಂಡು ತಮ್ಮ ಸ್ಟೂಲಿನ ಮೇಲೆ ಕುಳಿತಿದ್ದರು. ಎರಡು ತಿಂಗಳ ಮೇಲೆ ಮಾತಾಡಿಸಿದರಲ್ಲ ಎಂಬ ಸಂತೋಷದಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ. ಬಗ್ಗಿ ಅಳೆದೆ. ತೋಳು ಮುಕ್ಕಾಲು ಇಂಚು ಕಡಿಮೆ ಇತ್ತು. ರಟ್ಟಿನ ಅಂಚನ್ನು ಯಾರೋ ಹೊಸದಾಗಿ ಕತ್ತರಿಸಿದ್ದರು. ತಲೆಯೆತ್ತಿದರೆ ಸ್ಟೂಲ್ ಖಾಲಿ. ಒಳಗೆ ಬರಲು ಇರುವುದು ಅದೊಂದೇ ಶಟರ್, ಎತ್ತಿದರೆ ಇಡೀ ಎಸ್ಟೇಟಿಗೆ ಕೇಳುತ್ತದೆ. ತಿರುಗಿ ನೋಡಿದೆ, ಅದು ಕೆಳಗೇ ಇತ್ತು. ಹೊಸ ರಟ್ಟು ತೆಗೆದುಕೊಂಡು ತೋಳನ್ನು ಮತ್ತೆ ಬರೆದೆ.

ಒಂಬತ್ತೂವರೆಗೆ ಎಲ್ಲರೆದುರು ಕತ್ತರಿ ಹಾಕಿದೆ. ಸೇಠ್ ತಾವೇ ಅಳೆದು ನೋಡಿ ಪೇಢೆ ಹಂಚಿದರು. ಅದೆಲ್ಲ ಮುಗಿದ ಮೇಲೆ ಮಲ್ಲಣ್ಣ ಬೆವರುತ್ತಾ ಬಂದರು. ಕತ್ತರಿಸಿದ ತೋಳನ್ನು ಗೇಣು ಹಾಕಿ ನೋಡಿ, ನನ್ನನ್ನು ಮೂಲೆಗೆ ಕರೆದರು.

"ಯಾರ್ ಹೇಳಿದ್ರೋ ನಿನಗ?"

"ನೀವ ಹೇಳಿದ್ರಲ್ಲಣ್ಣಾ. ಎಂಟಕ್ಕ, ಇಲ್ಲೇ ಕುಂತು."

ಅವರು ತಮ್ಮ ಸ್ಟೂಲಿನ ಕಡೆ ತಿರುಗಿ ನೋಡಿದರು. ಘಾಟ್ಕೋಪರದಿಂದ ಮೆಟ್ರೋದಲ್ಲಿ ಅಂಧೇರಿಗೆ ಬಂದವರು, ಲೋಕಲ್ ರೈಲು ಹತ್ತದೆ ಏಳೂವರೆಯಿಂದ ಒಂಬತ್ತು ದಾಟುವವರೆಗೂ ಅಲ್ಲಿಯ ಸ್ಟೇಷನ್ನಿನ ಬೆಂಚಿನ ಮೇಲೇ ಇದ್ದರಂತೆ. "ತಮ್ಮಾ, ತೋಳಿನ ಪ್ಯಾಟರ್ನ್ ಅಳದು ನೋಡು ಅಂತ ಮನಸ್ಸಿನ್ಯಾಗ ಹೇಳ್ಕೋತ ಕುಂತಿದ್ದೆ. ಪ್ಯಾಟರ್ನ್ ಕೆಡಿಸಿದಾವ ನಾನ. ಫೋನ್ ಹಚ್ಚಾಕ ಮಾರಿ ಇರಲಿಲ್ಲ," ಎಂದರು. ಆಮೇಲೆ ಕೇಳಿದರು: "ನಾ ಖರೇನ ಬಂದಿದ್ದೆನಾ? ಹಂಗಾರ ನಾ ಅಷ್ಟೇನ ಕೆಟ್ಟಾವ ಅಲ್ಲಲ್ಲಾ, ತಮ್ಮಾ?"

"ಬಂದಿದ್ರಿ," ಎಂದೆ. ಸೇಠ್‌ಗೆ ನಾನು ಏನೂ ಹೇಳಲಿಲ್ಲ.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಈಗಲೂ ತಿಳಿಯದು. ನಿದ್ದೆಗೆಟ್ಟ ತಲೆಯ ಕಲ್ಪನೆ ಎನ್ನೋಣವೆಂದರೆ, ಅವರು ಅಲ್ಲಿ ಅಂದುಕೊಂಡ ಮಾತೇ ನನಗೆ ಇಲ್ಲಿ ಕೇಳಿಸಿದ್ದು ಹೇಗೆ? ಪ್ರತಿ ವರ್ಷ ಮೊದಲ ಕತ್ತರಿಯ ದಿನ ಮಲ್ಲಣ್ಣ ಪೇಢೆ ತಿನ್ನುತ್ತಾ ಒಮ್ಮೆ ಕೇಳುತ್ತಾರೆ, ಅವತ್ತು ನಾನು ಬಂದಿದ್ದೆನಲ್ಲ ಎಂದು. ಅದು ನನ್ನ ಭ್ರಮೆಯೂ ಇರಬಹುದು ಎಂದು ನಿಮಗೆ ಹೇಳುತ್ತಿದ್ದೇನೆ. ಅವರಿಗೆ ಇವತ್ತಿನವರೆಗೆ ಹೇಳಿಲ್ಲ.