ಪೇರಲ ಗಿಡದ ಬುಡಕ್ಕೆ ಹೋದ ನೀರು

ಅಣ್ಣಾ, ಅತ್ತಿಗೆಯ ಪೇರಲ ಗಿಡ ಒಣಗಿಸಿದವನು ನೀನಲ್ಲ. ನಾನು. ನೀನು ನೂಲಿಗೆ ಬಣ್ಣ ಹಾಕುವ ಹಂಡೆಯಲ್ಲಿ ಉಳಿದಿದ್ದ ಕಾಸ್ಟಿಕ್ ಸೋಡಾದ ನೀರನ್ನು ಅದರ ಬುಡಕ್ಕೆ ಸುರಿದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ — ಅದನ್ನೂ ಬರೆಯುತ್ತೇನೆ.

ಆ ವರ್ಷ ಚಳಿ ಬೀಳುವ ಮೊದಲು, ಟೊಮೆಟೊ ಬೆಳೆಯಲೆಂದು, ಹಿತ್ತಲಲ್ಲಿ ಚಿಕ್ಕದೊಂದು ಹಸಿರುಮನೆ ಕಟ್ಟುವ ಹುಚ್ಚು ನನಗೆ. ಜಮಖಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು ರಬಕವಿಯ ತನ್ನ ಮನೆಯಲ್ಲಿ ಒಂದು ಸಸಿಯನ್ನೂ ಬೆಳೆಸಿಲ್ಲವೆಂಬ ನಾಚಿಕೆಯೋ, ಬರೀ ಹಟವೋ — ಈಗ ಹೇಳಲಾರೆ. ಮುಧೋಳದಿಂದ ಪ್ಲಾಸ್ಟಿಕ್ ಹಾಳೆ ತಂದವನು ನೀನು. ಬಿದಿರು ಬಗ್ಗಿಸಿ ಕಮಾನು ಕಟ್ಟಿದವನೂ ನೀನೇ. ಅತ್ತಿಗೆ ಬಾಗಿಲಲ್ಲಿ ನಿಂತು ನಕ್ಕರು: "ಟೊಮೆಟೊಕ್ಕೂ ಥಂಡಿ ಹತ್ತತೈತೇನ್ರಿ ಮಾಸ್ತರ? ಒಂದೊಂದು ಸ್ವೆಟರ್ ಹೆಣದ ಹಾಕ್ರಲಾ."

ಎಲ್ಲ ಕಟ್ಟಿದ ಮೇಲೆ ನೋಡಿದರೆ ಬಿಸಿಲೇ ಇಲ್ಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿದಂತೆ ಪೇರಲ ಗಿಡದ ನೆರಳು ನೇರವಾಗಿ ಹಸಿರುಮನೆಯ ಮೇಲೆ. ಮದುವೆಯಾದ ವರ್ಷ ಅತ್ತಿಗೆ ರನ್ನ ಬೆಳಗಲಿಯ ತವರಿನಿಂದ ತಂದು ನೆಟ್ಟ ಗಿಡ ಅದು. ಕಡಿಯೋಣವೇ ಎಂದು ನಾನು ಕೇಳಿದೆ. "ಮೊದಲ ನನ್ನ ಕಡೀರಿ," ಎಂದರು. ನಗಲಿಲ್ಲ.

ನೂಲಿಗೆ ಬಣ್ಣ ಹಾಕಿದವನೇ ಹಂಡೆ ಚೆಲ್ಲಬೇಕು, ಬೇರೆ ಯಾರೂ ಮುಟ್ಟಕೂಡದು — ಅಪ್ಪನ ಕಾಲದಿಂದ ನಮ್ಮ ಮನೆಯ ಕಟ್ಟಳೆ. ನೀನು ಊಟಕ್ಕೆ ಕೂತಾಗ ನಾನು ಬಕೆಟ್ ತುಂಬಿಕೊಂಡೆ. ಉಳಿದ ನೀರನ್ನು ನೀನು ಎಂದಿನಂತೆ ಮೂಲೆಯ ಗುಂಡಿಗೆ ಚೆಲ್ಲಿದೆ. ಒಂದೇ ಬಕೆಟ್ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಒಂದು ಬಕೆಟ್ಟಿಗೆ ಅಷ್ಟು ದೊಡ್ಡ ಗಿಡ ಸಾಯುವುದಿಲ್ಲ. ಅದು ನಾನು ಕಲಿಸುವ ಪಾಠವೇ. ಹಾಗಾದರೆ ಮತ್ತೆ ಮತ್ತೆ ಹೋಗಿ ಸುರಿದಿದ್ದೇನೆ. ಆ ದಿನಗಳು ಮಾತ್ರ ನೆನಪಿಗೆ ಬರುವುದಿಲ್ಲ — ಅಥವಾ ಬರಗೊಡುವುದಿಲ್ಲ.

ಎಲೆ ಉದುರಿ ಟೊಂಗೆ ಒಣಗಿದಾಗ ಅತ್ತಿಗೆ ಬುಡ ಕೆದಕಿದರು. ಮಣ್ಣು ನೀಲಿಯಾಗಿತ್ತು.

"ಈ ಮನ್ಯಾಗ ಹಂಡೆ ಮುಟ್ಟಾವ್ರು ನಿಮ್ಮನ್ನ ಬಿಟ್ರ ಯಾರದಾರ್ರಿ?"

"ನಾ ಗುಂಡಿಗೇ ಚೆಲ್ಲೇನಲಾ..." ಎಂದು ನೀನು ನನ್ನ ಕಡೆ ತಿರುಗಿದೆ. "ನೀ ಇಲ್ಲೇ ಇರ್ತಿದ್ದಿ. ನೋಡಿಯಿಲ್ಲೋ?"

ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ನಾನು ಹೇಳಿದ್ದು ಬೇರೆ: "ಅಣ್ಣಾ, ಈಗೀಗ ನಿನಗ ಮರವು ಭಾಳ ಆಗೇತಿ."

ಸುಳ್ಳು. ಯಾವ ಸೀರೆಯ ಅಂಚಿಗೆ ಯಾವ ವರ್ಷ ಯಾವ ಬಣ್ಣ ಹಾಕಿದ್ದೆ ಎಂಬುದೂ ನಿನಗೆ ನೆನಪಿರುತ್ತಿತ್ತು. ಆದರೆ ಓದಿದ ತಮ್ಮ ಹೇಳಿದ, ನೀನು ನಂಬಿದೆ. "ನಾನೇ ಚೆಲ್ಲಿರಬೇಕು," ಎಂದು ಅತ್ತಿಗೆಯೆದುರು ತಲೆ ತಗ್ಗಿಸಿದೆ.

ಅಲ್ಲಿಂದ ನೀನು ಬೀಗ ಹಾಕಿದ ಮೇಲೂ ತಿರುಗಿ ಬಂದು ಮುಟ್ಟಿ ನೋಡತೊಡಗಿದೆ. ಬಣ್ಣ ಹಾಕಿದೆನೋ ಇಲ್ಲವೋ ಎಂದು ಅನುಮಾನಿಸಿ ಮತ್ತೊಮ್ಮೆ ಹಾಕಿ ನೂಲು ಕೆಡಿಸಿಕೊಂಡೆ. ಕೊನೆಗೆ ಹಂಡೆಯನ್ನು ಬೋರಲು ಹಾಕಿದೆ. ಈಗ ಬನಹಟ್ಟಿಯಿಂದ ಬಣ್ಣದ ನೂಲು ತರುತ್ತೀಯ. "ಇವರಿಗೆ ಏನೂ ನೆಪ್ಪಿರಂಗಿಲ್ಲ," ಎಂದು ಅತ್ತಿಗೆ ಬಂದವರೆದುರು ನಗುತ್ತಾರೆ. ನೀನೂ ಹೌದೆಂದು ನಗುತ್ತೀಯ.

ಆ ಚಳಿಗಾಲ ಹಸಿರುಮನೆಯಲ್ಲಿ ಟೊಮೆಟೊ ಚೆನ್ನಾಗಿಯೇ ಬಂತು. ಮೊದಲ ಹಣ್ಣು ತಿಂದು "ಛಲೋ ಆಗೇತಿ" ಎಂದವನು ನೀನು. ನಾನು ಇನ್ನೊಂದು ಕೊಟ್ಟೆ.

ಈ ಕಾಗದವನ್ನು ನಿನ್ನ ಕೈಗೆ ಕೊಡಬಹುದು, ಇಲ್ಲವೇ ನಿನ್ನೊಬ್ಬನನ್ನೇ ಕರೆದು ಹೇಳಬಹುದು. ಆದರೆ "ಹೋಗ್ಲಿ ಬಿಡೋ" ಎಂದು ನೀನು ಅಲ್ಲೇ ಮುಚ್ಚಿಬಿಡುತ್ತೀಯ; ಅತ್ತಿಗೆಯ ಪಾಲಿಗೆ ಮರೆವಿನವನಾಗಿಯೇ ಉಳಿಯುತ್ತೀಯ. ಹಗುರಾಗುವವನು ನಾನೊಬ್ಬನೇ. ಅದಕ್ಕೇ ನಾಳೆ, ನೀವಿಬ್ಬರೂ ಊಟಕ್ಕೆ ಕೂತಾಗ, ಮೊದಲು ಅತ್ತಿಗೆಗೆ ಹೇಳುತ್ತೇನೆ. "ಅಣ್ಣಗ ಎಲ್ಲಾ ನೆಪ್ಪಿತ್ತು," ಎಂದು ಶುರುಮಾಡುತ್ತೇನೆ. ಆಮೇಲೆ ಅವರು ಏನೇ ಅಂದರೂ ಎದ್ದು ಹೋಗುವುದಿಲ್ಲ.