ಕೂಸಿನ ಗಾಡಿ ಹಿಡಿದ ಸಂಜೆ

ಹೊಸ ಕೀಲು ಬಂದಿತ್ತು, ಹಳೆಯ ನೋವು ಹೋಗಿರಲಿಲ್ಲ.

ಇದು ನನಗೆ ತಿಳಿದದ್ದು ಉಪ್ಪಲ್‌ನ ನಮ್ಮ ಬೀದಿಯಲ್ಲಿ, ಹಾಲಿನ ಬೂತಿಗೆ ಹೋಗುವ ಅರ್ಧ ದಾರಿಯಲ್ಲಿ. ಸವೆದುಹೋದ ಬಲಸೊಂಟದ ಕೀಲನ್ನು ತೆಗೆದು ಲೋಹದ್ದನ್ನು ಕೂಡಿಸಿ ಆರೇಳು ತಿಂಗಳಾಗಿತ್ತು. ವಾಕರ್ ಬಿಟ್ಟಿದ್ದೆ, ಆಮೇಲೆ ಕೋಲನ್ನೂ ಬಿಟ್ಟಿದ್ದೆ. ನೆಟ್ಟಗೆ ನಡೆಯುತ್ತಿದ್ದೇನೆ ಎಂದು ಒಳಗೊಳಗೇ ಹಿಗ್ಗುತ್ತಿದ್ದಾಗ ಬಲಗಾಲು ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ ಕಾದ ತಂತಿ ಎಳೆದಂತೆ ಉರಿಯಿತು. ಯಾರದೋ ಮನೆಯ ಗೇಟಿನ ಮೇಲೆ ಎರಡೂ ಮೊಣಕೈ ಊರಿ ಬಾಗಿ ನಿಂತೆ. ಸ್ವಲ್ಪ ಹೊತ್ತಿಗೆ ಉರಿ ಇಳಿಯಿತು. ಬೆಚ್ಚಿದ್ದು ಆಮೇಲೆ, ನೋವಿನ ಗುರುತು ಹತ್ತಿದಾಗ. ಆಪರೇಷನ್ನಿಗೆ ಮುಂಚೆ ಇದೇ ಬೀದಿಯಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಿದ್ದದ್ದು ಇದೇ ನೋವು. ಹಾಗಾದರೆ ಅವರು ತೆಗೆದದ್ದು ಏನನ್ನು?

ಕೆಲಸದ ವರ್ಷಗಳನ್ನೆಲ್ಲ ನಾನು ಈ ಊರಿನ ಒಂದು ಸುದ್ದಿಸಂಸ್ಥೆಯ ಕನ್ನಡ ಡೆಸ್ಕಿನಲ್ಲಿ ಕಳೆದವಳು. ವರದಿಗಾರರು ಕಳಿಸಿದ್ದನ್ನು ಕತ್ತರಿಸುವುದು ನನ್ನ ಕೆಲಸ. ಜಿಲ್ಲೆಯಿಂದ ಇಡೀ ಪುಟ ಬರುತ್ತಿತ್ತು, ನಾನು ಅದನ್ನು ಕೆಲವೇ ಸಾಲಿಗೆ ಇಳಿಸುತ್ತಿದ್ದೆ. ಬಸ್ಸು ಮಗುಚಿದರೆ ಎಲ್ಲಿ, ಯಾವಾಗ, ಎಷ್ಟು ಜನ. ಚಾಲಕ ಬೆಳಿಗ್ಗೆ ಏನು ತಿಂದಿದ್ದ ಎಂಬುದು ಬೇಡ. ನಿವೃತ್ತಿಯ ನಂತರವೂ ಆ ಕತ್ತರಿ ನನ್ನ ಕೈ ಬಿಟ್ಟಿರಲಿಲ್ಲ. ಅದು ಹೆಚ್ಚಾಗಿ ಆಡುತ್ತಿದ್ದದ್ದು ನನ್ನ ಗಂಡನ ಮಾತಿನ ಮೇಲೆ.

ಅವರು ಭೂಮಾಪನ ಇಲಾಖೆಯಲ್ಲಿದ್ದವರು. ಅವರ ತಂದೆ ನಿಜಾಮರ ಕಾಲದಲ್ಲಿ ಕಲಬುರಗಿ ಕಡೆಯಿಂದ ನೌಕರಿಗೆಂದು ಬಂದು ಇಲ್ಲೇ ನಿಂತರಂತೆ. ನನ್ನ ಗಂಡನಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಗೆಳೆಯರ ಜೊತೆ ದಖನಿ ಉರ್ದು. ಮೂರರಲ್ಲೂ ಮಾತು ಮುಗಿಯುವುದಿಲ್ಲ. ಟೊಮೆಟೊ ಯಾಕೆ ತರಲಿಲ್ಲ ಎಂದು ಕೇಳಿದರೆ ಮೆಟ್ರೋ ನಿಲ್ದಾಣದಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯ ಮಗಳ ಮದುವೆಯಿಂದ ಶುರು ಮಾಡುತ್ತಾರೆ.

"ಟೊಮೆಟೊಕ್ಕ ಬರ್ರಿ," ಎನ್ನುತ್ತೇನೆ ನಾನು.

"ಬರಾಕತ್ತೀನಿ. ಹಿಂದಿಂದು ಗೊತ್ತಿಲ್ದ ಮುಂದಿಂದು ಹ್ಯಾಂಗ ತಿಳೀತೈತಿ ನಿನಗ?"

ಆಸ್ಪತ್ರೆ ಮಾದಾಪುರದ ಕಡೆ. ಆಪರೇಷನ್ ಮಾಡಿದ ಡಾಕ್ಟರು ತೆಲುಗಿನವರು, ಆದರೆ ಓದಿದ್ದು ಕಲಬುರಗಿಯಲ್ಲಿ. ಹಾಸ್ಟೆಲಿನಲ್ಲಿ ಕಲಿತ ಕನ್ನಡವನ್ನು ನಮ್ಮ ಮೇಲೆ ಖುಷಿಯಿಂದ ಪ್ರಯೋಗಿಸುತ್ತಿದ್ದರು. ಗಂಡನಿಗೆ ಅಷ್ಟು ಸಾಕಾಯಿತು. ಮೊದಲ ಭೇಟಿಯಲ್ಲೇ ಕಾಲೇಜಿನ ಹತ್ತಿರದ ಖಾನಾವಳಿ, ಅದರ ಮಾಲೀಕ, ಮಾಲೀಕನ ತಮ್ಮ ಎಲ್ಲರೂ ಆ ಕೋಣೆಗೆ ಬಂದು ಹೋದರು. ಹೊರಗೆ ರೋಗಿಗಳ ಸಾಲು ಕಾದಿತ್ತು. ಅಂದೇ ನಮ್ಮೊಳಗೆ ಒಂದು ಒಪ್ಪಂದವಾಯಿತು. ಡಾಕ್ಟರ ಮುಂದೆ ನಾನೊಬ್ಬಳೇ ಮಾತಾಡುವುದು.

ನೋವು ಮರಳಿ ಬಂದ ಮೇಲೆ ಅಲ್ಲಿಗೆ ಮತ್ತೆ ಹೋದೆವು.

"ಹ್ಯಾಂಗಿದ್ದೀರಮ್ಮ? ನೋವು ಎಲ್ಲೈತಿ?"

ಮೆಟ್ರೋದಲ್ಲಿ ಬರುವಾಗಲೇ ನಾನು ವಾಕ್ಯಗಳನ್ನು ಸಿದ್ಧ ಮಾಡಿಕೊಂಡಿದ್ದೆ. "ಬಲಗಾಲು ನೋಯುತ್ತದೆ. ನಡೆದರೆ ಹೆಚ್ಚು. ಕೂತರೆ ಕಡಿಮೆ."

ಮೂರೂ ವಾಕ್ಯ ನಿಜ. ಕತ್ತರಿಸಲು ಅದರಲ್ಲಿ ಒಂದು ಪದವೂ ಉಳಿದಿರಲಿಲ್ಲ.

"ಅಲ್ರಿ ಡಾಕ್ಟರ್ ಸಾಬ್, ಮೊನ್ನೆ ಜನವರಿಯಾಗ ಎಕ್ಸಿಬಿಷನ್‌ನ್ಯಾಗ," ಎಂದು ಗಂಡ ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ಹೊರಗೆ ಬಂದ ಮೇಲೆ ಕೇಳಿದರು, "ಏನ್ರೀ ಸಂಪಾದಕರ, ನನ್ನ ಸುದ್ದಿಗೆ ಎರಡು ಸಾಲು ಜಾಗಾನೂ ಇಲ್ಲೇನು?"

"ಎಕ್ಸಿಬಿಷನ್‌ನ್ಯಾಗ ಮಿರ್ಚಿ ಬಜ್ಜಿ ತಿಂದ ಸುದ್ದಿ ಡಾಕ್ಟರಿಗೆ ಯಾಕ್ರಿ?"

ರಕ್ತ ಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ. ಎಕ್ಸ್-ರೇ ತೆಗೆಸಿದರು. ಕಂಪ್ಯೂಟರಿನ ತೆರೆಯ ಮೇಲೆ ನನ್ನ ತೊಡೆಯ ಮೂಳೆ, ಅದರೊಳಗೆ ಇಳಿದ ಲೋಹದ ಗೂಟ, ಗೂಟದ ಪಕ್ಕದಲ್ಲಿ ಒಂದು ತೆಳು ಗೆರೆ. ಡಾಕ್ಟರು ಪೆನ್ನಿನ ತುದಿಯಿಂದ ಆ ಗೆರೆಯನ್ನು ತೋರಿಸಿದರು.

"ಸಡಿಲ ಆಗಿರಬಹುದಮ್ಮ. ಪಕ್ಕಾ ಹೇಳಾಕ ಬರೂದಿಲ್ಲ. ಆದರ ನೋವಂತೂ ಹೋಗವಲ್ದು. ಮತ್ತ ತೆರೆದು ನೋಡಬೇಕಾಗ್ತೈತಿ."

ಡಬ್ಬಿಯ ಮುಚ್ಚಳದ ಬಗ್ಗೆ ಹೇಳುವಷ್ಟು ಹಗುರವಾಗಿ ಹೇಳಿದರು. ಕೇಳಬೇಕಾದ ಪ್ರಶ್ನೆಗಳನ್ನು ನಾನು ಕೇಳಿದೆ, ಉತ್ತರಗಳೂ ನೆನಪಿವೆ. ಎರಡನೆಯ ಸಲದ್ದು ಮೊದಲಿಗಿಂತ ದೊಡ್ಡದು. ಮೂಳೆಯೊಳಗಿಂದ ಲೋಹವನ್ನು ಕಿತ್ತು ತೆಗೆಯಬೇಕು, ತೆಗೆಯುವಾಗ ಮೂಳೆ ಸೀಳಬಹುದು. ಹಾಸಿಗೆಯಲ್ಲಿ ಹೆಚ್ಚು ಕಾಲ ಕಳೆಯಬೇಕಾಗಬಹುದು. ನೋವು ಹೋಗುತ್ತದೆಂಬ ಭರವಸೆ ಮೊದಲ ಸಲದಷ್ಟಿಲ್ಲ.

"ಮಾಡಿಸದಿದ್ದರೆ?"

"ನೋವು ಇರತೈತಿ."

ಯುಗಾದಿ ಮುಗಿದ ಮೇಲೆ ಎಂದು ನಿಶ್ಚಯವಾಯಿತು. ಮೆಟ್ರೋದಲ್ಲಿ ವಾಪಸು ಬರುವಾಗ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಯಾವ ನಿಲ್ದಾಣ ಬಂತು, ಯಾವುದು ಹೋಯಿತು ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ಬದಲಾವಣೆ ಗಮನಕ್ಕೆ ಬಂತು. ಗಂಡ ಮಾತಾಡುತ್ತಿರಲಿಲ್ಲ. ಚಹಾ ತಂದು ಇಡುತ್ತಿದ್ದರು, ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದರು. ಎಷ್ಟೋ ವರ್ಷದಿಂದ ನಾನು ಬಯಸಿದ್ದ ಮೌನ ಅದು, ಅದರಿಂದ ನನಗೆ ಎಕ್ಸ್-ರೇಗಿಂತ ಹೆಚ್ಚು ಹೆದರಿಕೆಯಾಯಿತು.

"ಏನಾರ ಮಾತಾಡ್ರಿ," ಎಂದೆ.

"ಏನ ಮಾತಾಡ್ಲಿ. ಬ್ಯಾಡ ಅಂದಾಕಿ ನೀನ."

ಆಸ್ಪತ್ರೆಗೆ ಸೇರುವ ಮುಂಚಿನ ಕೊನೆಯ ಭೇಟಿ. ಡಾಕ್ಟರು ಹಸಿರು ಪರದೆಯ ಹಿಂದಿನ ಮಂಚದ ಮೇಲೆ ನನ್ನನ್ನು ಮಲಗಿಸಿ, ಕಾಲನ್ನು ಎತ್ತಿ ತಿರುಗಿಸಿ ನೋಡಿ, ತಮ್ಮ ಕುರ್ಚಿಗೆ ಹೋದರು. ಕೀಲು ಬದಲಾಯಿಸಿಕೊಂಡವರಿಗೆ ಎತ್ತರದ ಮಂಚದಿಂದ ಇಳಿಯುವುದು ನಿಧಾನದ ಕೆಲಸ. ಇಳಿದು, ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಪರದೆಯ ಆಚೆಯಿಂದ ಗಂಡನ ದನಿ ಕೇಳಿತು.

"ಡಾಕ್ಟರ್ ಸಾಬ್, ಆಕಿ ಬರೂದ್ರೊಳಗ ಜಲ್ದಿ ಹೇಳಿಬಿಡ್ತೀನಿ."

ಜಲ್ದಿ ಏನೂ ಹೇಳಲಿಲ್ಲ.

"ಜನವರಿಯಾಗ ನಾಂಪಲ್ಲಿ ಎಕ್ಸಿಬಿಷನ್‌ಗೆ ಹೋಗಿದ್ವಿ. ನನ್ನ ತಂಗಿ ಮಗಳು ಬಂದಿದ್ಳು, ಕೂಸಿನ ಕರಕೊಂಡು. ಕಾರು ನಿಂದ್ರಸಾಕ ಜಾಗಾ ಸಿಗಲಿಲ್ಲ, ಹಿಂಗಾಗಿ ದೂರ ಬಿಟ್ಟು ಆಟೋ ಹಿಡದ್ವಿ. ಆ ಆಟೋದಂವ ಏನ್ ಮಾಡಿದ ಅಂದ್ರ..."

"ಸರ್, ಮುಂದ."

"ಹಾಂ. ಬಳಿಗಳ ಅಂಗಡಿ ಮುಂದ ಆ ಹುಡುಗಿ ನಿಂತ್ಲು. ಇಕಿ ಕೂಸಿನ ಗಾಡಿ ಹಿಡದ್ಲು. ಹಿಡದಾಕಿ ಬಿಡಲೇ ಇಲ್ಲ ನೋಡ್ರಿ. ಕಾಶ್ಮೀರದ ಶಾಲು, ಲಖನೌ ಕುರ್ತಾ, ಅಲ್ಲಿಂದ ಜೈಂಟ್ ವೀಲ್, ಅಲ್ಲಿಂದ ತಿರಗಿ ಮಿರ್ಚಿ ಬಜ್ಜಿ. ನನ್ನ ಕಾಲು ಬಿದ್ದಹೋದ್ವು. ಎಲಾ ಇಕಿನ, ಮನಿ ಮುಂದಿಂದ ಹಾಲು ತರಾಕ ಆಗೂದಿಲ್ಲ, ಇಲ್ಲಿ ಹರೇದ ಹುಡುಗಿ ಹಂಗ ತಿರಗಾಕತ್ತಾಳ ಅಂದೆ. ಆಮ್ಯಾಲ ಕೂಸು ಎದ್ದು ಅಳಾಕ ಹತ್ತಿತು. ತಾಯಿ ಗಾಡಿ ಇಸಕೊಂಡ್ಲು. ಗೇಟು ಇಲ್ಲೇ ಇತ್ರಿ, ಅಷ್ಟು ಬರೂದ್ರಾಗ ಇಕಿ ಎರಡು ಸಲ ನಿಂತ್ಲು. ಕಣ್ಣಾಗ ನೀರು. ನಾ ಚ್ಯಾಷ್ಟಿ ಮಾಡಿದೆ, ಗಾಡಿ ಕಸಕೊಂಡ್ರ ಅಳೂದು ಕೂಸೋ ನೀನೋ ಅಂತ."

ಡಾಕ್ಟರು ನಗುತ್ತಾರೆಂದುಕೊಂಡೆ, ನಗಲಿಲ್ಲ.

"ಸರ್. ಗಾಡಿ ತಳ್ಳುವಾಗ ಅಮ್ಮ ನೆಟ್ಟಗ ಇದ್ರೋ, ಬಗ್ಗಿದ್ರೋ?"

"ಬಗ್ಗೇ ಇದ್ಲುರಿ. ಕೂಸಿನ ಗಾಡಿ ಗಿಡ್ಡ ಇರತೈತಲ್ಲ. ಸೂಪರ್‌ಮಾರ್ಕೆಟ್‌ನ್ಯಾಗೂ ಹಂಗ. ಟ್ರಾಲಿ ಮ್ಯಾಲ ಮೈ ಹಾಕಿಬಿಡ್ತಾಳ. ಒಂದು ಸಾಬಾನು ತರಾಕ ಹೋದ್ರೂ ಟ್ರಾಲಿ ಬೇಕು ಇಕಿಗೆ."

ನಾನು ಪರದೆಯ ಹಿಂದೆ ಸೆರಗು ಹಿಡಿದು ನಿಂತಿದ್ದೆ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಒಂದೂ ನನಗೆ ಗೊತ್ತಿಲ್ಲದ್ದಲ್ಲ. ಹಾಲಿನ ಬೂತಿನ ದಾರಿಯಲ್ಲಿ ಗೇಟಿನ ಮೇಲೆ ಬಾಗಿ ನಿಂತವಳೂ ನಾನೇ. ಮುಖ್ಯವಾದದ್ದನ್ನು ಹೆಕ್ಕುವುದೇ ಉದ್ಯೋಗವಾಗಿದ್ದವಳಿಗೆ, ಬಗ್ಗಿದರೆ ನೋವಿಲ್ಲ ಎಂಬುದು ಕಂಡಿರಲಿಲ್ಲ.

ಡಾಕ್ಟರು ಪರದೆ ಸರಿಸಿ ಒಳಗೆ ಬಂದರು. ಮತ್ತೆ ಮಲಗಲು ಹೇಳಿದರು. ಈ ಸಲ ಸೊಂಟವನ್ನು ಮುಟ್ಟಲಿಲ್ಲ.

"ಎರಡೂ ಕಾಲಿನ ಹೆಬ್ಬೆರಳು ಮ್ಯಾಲ ಎತ್ರಿ. ನಾ ಒತ್ತತೀನಿ, ಬಿಡಬ್ಯಾಡ್ರಿ."

ಎಡಗಾಲಿನ ಹೆಬ್ಬೆರಳು ಅವರ ಒತ್ತಡವನ್ನು ತಡೆಯಿತು. ಬಲಗಾಲಿನದು ಒಂದೇ ಬೆರಳಿನ ಕೆಳಗೆ ಮೆತ್ತಗೆ ಬಗ್ಗಿಹೋಯಿತು. ಇನ್ನೊಮ್ಮೆ ಎತ್ತಿದೆ, ಇನ್ನೊಮ್ಮೆ ಬಗ್ಗಿತು. ನನ್ನದೇ ಬೆರಳನ್ನು ಯಾರದೋ ಬೆರಳನ್ನು ನೋಡುವಂತೆ ನೋಡಿದೆ. ಅದು ಎಂದಿನಿಂದ ಹೀಗಿತ್ತು?

"ವಾಕರ್ ಹಿಡಕೊಂಡು ನಡಿಯೂವಾಗ ಈ ಉರಿ ಇತ್ತೇನ್ರಮ್ಮ?"

ಯೋಚಿಸಿದೆ. "ಇರಲಿಲ್ಲ."

"ಇರೂದಿಲ್ಲ. ವಾಕರ್ ಹಿಡದ್ರ ಮುಂದ ಬಗ್ಗಿ ನಡೀತೀರಿ." ಡಾಕ್ಟರು ಗಂಡನ ಕಡೆ ತಿರುಗಿದರು. "ಸರ್, ಆಪರೇಷನ್ ನಿಲ್ಲಸ್ತೀನಿ. ಮೊದಲ ಬೆನ್ನಿಂದು ಎಂಆರ್‌ಐ ಆಗಲಿ."

ಬೆನ್ನಿನ ಕೆಳಭಾಗದಲ್ಲಿ ಕಾಲಿಗೆ ಇಳಿಯುವ ನರಗಳ ದಾರಿ ಕಿರಿದಾಗಿತ್ತು. ನೆಟ್ಟಗೆ ನಿಂತರೆ ಆ ದಾರಿ ಇನ್ನಷ್ಟು ಬಿಗಿಯಾಗುತ್ತದೆ, ಬಗ್ಗಿದರೆ ಸಡಿಲವಾಗುತ್ತದೆ. ಅದೇ ಆಸ್ಪತ್ರೆಯ ಬೆನ್ನಿನ ಡಾಕ್ಟರು ಇದನ್ನು ವಿವರಿಸಿ, ಆ ಜಾಗಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಕೆಲವು ದಿನ ಬಿಟ್ಟು ನಾನು ಒಬ್ಬಳೇ ಹಾಲಿನ ಬೂತಿಗೆ ನಡೆದೆ. ಎಲ್ಲೂ ನಿಲ್ಲಲಿಲ್ಲ. ಹಾಲು ತೆಗೆದುಕೊಂಡ ಮೇಲೆ ಅಲ್ಲೇ ನಿಂತುಬಿಟ್ಟೆ. ಸಂತೋಷವಾಗಬೇಕಿತ್ತು. ಆದರೆ ಬಂದದ್ದು ಒಂದು ಪ್ರಶ್ನೆ. ಇಷ್ಟು ವರ್ಷದ ನೋವು ಸೊಂಟದಲ್ಲಿರಲೇ ಇಲ್ಲವೆಂದರೆ, ನನ್ನ ಸೊಂಟವನ್ನು ಯಾಕೆ ಕೊಯ್ದರು?

ಮುಂದಿನ ಭೇಟಿಯಲ್ಲಿ ಅದನ್ನೇ ಕೇಳಿದೆ. ಹಿಂದೆ ವರದಿಗಾರರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದೆನೆಂದು ಗಂಡ ಆಮೇಲೆ ಹೇಳಿದರು.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಆಪರೇಷನ್ನಿಗೆ ಮುಂಚಿನ ಎಕ್ಸ್-ರೇ ತೆಗೆದು ತೋರಿಸಿದರು. ಕೀಲಿನ ಎರಡು ಮೂಳೆಗಳ ನಡುವೆ ಇರಬೇಕಾದ ಸಂದು ಇರಲಿಲ್ಲ. "ಇದು ಸುಳ್ಳಲ್ಲಮ್ಮ. ಚಪ್ಪಿ ಕೀಲು ಸವೆದಿತ್ತು. ತೊಡೆಸಂದಿನ ನೋವು ಹೋಯ್ತಲ್ಲ?"

ಅದು ನಿಜ. ಆ ನೋವು ಹೋಗಿತ್ತು.

"ತೊಡಿ ಹಿಂದಿಂದು, ಮೀನಖಂಡದ್ದು, ಅದು ಬೆನ್ನಿಂದು. ಎರಡೂ ಇದ್ದವು. ನಂಗ ಒಂದ ಕಾಣಸ್ತು. ನಾನೂ ಇನ್ನಷ್ಟು ಕೇಳಬೇಕಾಗಿತ್ತು."

"ಬೆನ್ನನ್ನು ಮೊದಲು ನೋಡಿದ್ದರೆ ಸೊಂಟ ಇನ್ನೂ ಕೆಲವು ವರ್ಷ ತಾಳುತ್ತಿತ್ತೇ?"

"ಗೊತ್ತಿಲ್ಲಮ್ಮ. ಈಗ ಯಾರಿಗೂ ಹೇಳಾಕ ಬರೂದಿಲ್ಲ."

ಒಂದಕ್ಕೊಂದು ತಾಳೆಯಾಗದ ವರದಿ ಬಂದಾಗ ನಾವು ಇನ್ನೊಬ್ಬ ವರದಿಗಾರನಿಗೆ ಫೋನು ಮಾಡುತ್ತಿದ್ದೆವು. ಇಲ್ಲಿ ಕೇಳಬಹುದಾಗಿದ್ದದ್ದು ಒಂದು ಮೂಳೆಯನ್ನು. ಅದು ಈಗ ನನ್ನ ಮೈಯಲ್ಲಿಲ್ಲ.

ಇಂಜೆಕ್ಷನ್ನಿನ ಗುಣ ನಿಧಾನವಾಗಿ ಇಳಿಯಿತು. ನೋವು ಮತ್ತೆ ಬಂದಿದೆ, ಮೊದಲಿನಷ್ಟಿಲ್ಲ. ಬೆಳಿಗ್ಗೆ ಚಾಪೆಯ ಬದಲು ಮಂಚದ ಮೇಲೆ ಮಲಗಿ ವ್ಯಾಯಾಮ ಮಾಡುತ್ತೇನೆ. ಎಕ್ಸ್-ರೇಯ ತೆಳು ಗೆರೆಯನ್ನು ಡಾಕ್ಟರು ಆಗಾಗ ನೋಡುತ್ತಾರೆ. ಅದು ಬೆಳೆದಿಲ್ಲ. ಬೆಳೆಯದಿರುವವರೆಗೆ ಯಾರೂ ನನ್ನನ್ನು ಮತ್ತೆ ತೆರೆಯಬೇಕಾಗಿಲ್ಲ.

ಈ ಜನವರಿಯಲ್ಲಿ ಎಕ್ಸಿಬಿಷನ್‌ಗೆ ಹೋಗುವ ಮಾತು ಬಂದಾಗ ಗಂಡ ಬೇಡವೆಂದರು. ನಾನು ಬಾಗಿಲ ಹಿಂದಿನಿಂದ ಗಾಲಿಕುರ್ಚಿಯನ್ನು ಹೊರಗೆಳೆದೆ. ಆಪರೇಷನ್ ಆದ ಹೊಸದರಲ್ಲಿ ನನಗಾಗಿ ತಂದದ್ದು. ಅದರ ಹಿಡಿಕೆ, ಬಗ್ಗಿ ತಳ್ಳಲು ಸರಿಯಾದ ಎತ್ತರದಲ್ಲಿತ್ತು. ಆದರೆ ಖಾಲಿ ಕುರ್ಚಿ ನನ್ನ ಭಾರಕ್ಕೆ ಮುಂದಿನ ಗಾಲಿ ಎತ್ತಿ ಹಿಂದಕ್ಕೆ ವಾಲುತ್ತಿತ್ತು.

"ಕೂಡ್ರಿ," ಎಂದೆ.

"ಯಾರು, ನಾನಾ? ಜನ ಏನಂದಾರು?"

"ಖಾಲಿ ಕುರ್ಚಿ ತಳ್ಳಿದ್ರ ಏನಂತಾರ?"

ನನ್ನ ಗಂಡ ತೆಳ್ಳಗಿನ ಮನುಷ್ಯ. ನಾಂಪಲ್ಲಿಯ ಮೈದಾನದಲ್ಲಿ ಅವರು ಮಡಿಲಲ್ಲಿ ಬಜ್ಜಿಯ ಪೊಟ್ಟಣ ಇಟ್ಟುಕೊಂಡು ಕೂತರು, ನಾನು ಹಿಂದೆ ಬಾಗಿ ತಳ್ಳುತ್ತ ಹೋದೆ. ಶಾಲಿನ ಸಾಲು ದಾಟಿತು, ಕುರ್ತಾದ ಸಾಲು ದಾಟಿತು. ಕಾಲು ಸುಮ್ಮನಿತ್ತು. ಬಳೆ ಅಂಗಡಿಯ ಮುದುಕಿ ನಮ್ಮನ್ನು ನೋಡಿ, ಅಜ್ಜನಿಗೇನಾಯಿತು ಎಂದು ಕನಿಕರದಿಂದ ದಖನಿಯಲ್ಲಿ ಕೇಳಿದಳು, "ಬಾಬಾ ಕೂ ಕ್ಯಾ ಹುವಾ, ಅಮ್ಮಾ?"

"ಮೇರೆ ಕೂ ಕುಛ್ ನಹೀ ಹುವಾ," ಎಂದರು ಗಂಡ. ನನಗೇನೂ ಆಗಿಲ್ಲ. "ಆಪರೇಷನ್ ಇನ್ಕಾ ಹುವಾ." ಹೆಬ್ಬೆರಳಿನಿಂದ ಹಿಂದಕ್ಕೆ, ನನ್ನ ಕಡೆ ತೋರಿಸಿದರು.

ಮುದುಕಿಯ ಕೈ ಬಳೆಗಳ ಸಮೇತ ಗಾಳಿಯಲ್ಲೇ ನಿಂತಿತು. ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಬಜ್ಜಿಯನ್ನು ನೋಡಿದಳು. ನಾಚಿಕೆಯಾಗುವುದಿಲ್ಲವೇ ನಿನಗೆ ಎಂದು ಅವಳ ಭಾಷೆಯಲ್ಲಿ ಬೈಯಲು ಶುರು ಮಾಡಿದಳು. ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು.

ಗಂಡ ಬಜ್ಜಿಯ ಪೊಟ್ಟಣವನ್ನು ಮಡಚಿ, ಕೈ ಒರೆಸಿಕೊಂಡು, ಮೊದಲಿಂದ ಹೇಳುತ್ತೇನೆ ಕೇಳು ಎಂದರು. ಕಾರು ನಿಲ್ಲಿಸಲು ಜಾಗ ಸಿಗದ ಸಂಜೆಯಿಂದ ಆರಂಭಿಸಿದರು. ನಾನು ಹಿಡಿಕೆಯ ಮೇಲೆ ಎರಡೂ ಮೊಣಕೈ ಊರಿ ನಿಂತೆ. ಬಹಳ ಹೊತ್ತಾದರೂ ಅವರು ಇನ್ನೂ ಆಟೋದವನ ಹತ್ತಿರವೇ ಇದ್ದರು.